ಕಾಲುವೆ ದಂಡೆಯ ಗಿಡಕ್ಕೆ ಹಂದಿಯ ಹೆಸರೇಕೆ?

ನಮ್ಮ ನೀರಮಾನ್ವಿ ಕಡೆ ಹೊಲಕ್ಕೆ ಹೋದವರು ಬರಿಗೈಲಿ ಮನೆಗೆ ಬರುವುದು ಕಡಿಮೆ. ಜೋಳದ ರೊಟ್ಟಿಯ ಜೊತೆ ಹಸಿಯಾಗಿ ತಿನ್ನಲು ಬದುವಿನ ಹಕ್ಕರಕಿ ಕಿತ್ತು ತರುತ್ತಾರೆ. ಮೊನ್ನೆ ಎಂಟನೆಯ ತರಗತಿಯ ಹುಡುಗನೊಬ್ಬ ಕಾಲುವೆ ದಂಡೆಯಿಂದ ಗಿಡವೊಂದನ್ನು ತಂದು, 'ಸರ್, ಇದೂ ಹಕ್ಕರಕಿ ಏನ್ರಿ? ತಿನ್ನಬಹುದಾ?' ಎಂದು ಕೇಳಿದ.

ಮೊಣಕಾಲೆತ್ತರದ ಗಿಡ. ಕಾಂಡ ಪೊಳ್ಳು, ಮುರಿದರೆ ಬಿಳಿ ಹಾಲು. ಕಾಂಡದ ಎಲೆಗಳು ಬುಡದಲ್ಲಿ ಎರಡು ಕಿವಿ ಚಾಚಿ ಕಾಂಡವನ್ನು ತಬ್ಬಿಕೊಂಡಿದ್ದವು. ಹಳದಿ ಹೂವು. ನಿಜವಾಗಿ ಅದು ಒಂದು ಹೂವಲ್ಲ, ಹಲವಾರು ಕಿರುಹೂಗಳ ಗೊಂಚಲು. ಇದು ಹಕ್ಕರಕಿಯಲ್ಲ, ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಸೋಂಕಸ್ ಒಲರೇಸಿಯಸ್. ಎಲೆಯ ಕಿವಿ ಚೂಪಾಗಿರದೆ ದುಂಡಾಗಿದ್ದು, ಅಂಚಿನ ಮುಳ್ಳು ಚುಚ್ಚುವಂತಿದ್ದರೆ ಅದು ಸೋಂಕಸ್ ಆಸ್ಪರ್. ಆಸ್ಪರ್ ಎಂದರೆ ಲ್ಯಾಟಿನ್ನಿನಲ್ಲಿ ಒರಟು.

ಇಂಗ್ಲಿಷಿನಲ್ಲಿ ಇದು 'ಸೌ ಥಿಸಲ್'. ಹುಡುಗ ನಿಘಂಟು ನೋಡಿ 'ಬಿತ್ತುವ ಮುಳ್ಳುಗಿಡ' ಎಂದ. ಕಾಗುಣಿತ ಒಂದೇ, ಆದರೆ 'ಸೋ' ಎಂದು ಓದಿದರೆ ಬಿತ್ತು, 'ಸೌ' ಎಂದರೆ ಹೆಣ್ಣು ಹಂದಿ. ಹಂದಿಗಳು ಇದನ್ನು ಆಸೆಯಿಂದ ಮೇಯುವುದರಿಂದ ಈ ಹೆಸರು ಎನ್ನುತ್ತಾರೆ. ಜರ್ಮನರು ಇದನ್ನೇ 'ಹೆಬ್ಬಾತಿನ ಮುಳ್ಳುಗಿಡ' ಎಂದು ಕರೆದರು. ಫ್ರೆಂಚರು ಹಾಲನ್ನು ಕಂಡು 'ಲೆತ್ರೋನ್' ಎಂದರು. 'ಲೆ' ಎಂದರೆ ಹಾಲು. ಸೋಂಕಸ್ ಎಂಬುದು ಈ ಗಿಡದ ಹಳೆಯ ಗ್ರೀಕ್ ಹೆಸರು. 1753ರಲ್ಲಿ ಲಿನೇಯಸ್ ಅದಕ್ಕೆ ಒಲರೇಸಿಯಸ್, ಅಂದರೆ 'ಅಡುಗೆ ಸೊಪ್ಪಿನ', ಎಂದು ಸೇರಿಸಿದ. ಇದರ ಎಳೆ ಎಲೆಯನ್ನು ಹಲವು ದೇಶಗಳಲ್ಲಿ ತಿನ್ನುತ್ತಾರೆ. ನ್ಯೂಜಿಲೆಂಡಿನ ಮಾವೋರಿಗಳಿಗೆ ಇದು 'ಪೂಹಾ'.

ಆದರೆ ವಿದ್ಯಾರ್ಥಿಗಳೇ, ಹೆಸರು ತಿಳಿಯಿತೆಂದು ಬಾಯಿಗೆ ಹಾಕಬೇಡಿ. ಅದೇ ದಂಡೆಯಲ್ಲಿ ಅರಿಸಿನ ದತ್ತೂರಿಯೂ ಬೆಳೆಯುತ್ತದೆ. ಅದರ ಎಲೆಯೂ ಮುಳ್ಳು, ಹೂವೂ ಹಳದಿ. ಮುರಿದರೆ ಬರುವ ರಸ ಮಾತ್ರ ಹಳದಿ. ಅದು ವಿಷದ ಗಿಡ. 1998ರಲ್ಲಿ ದೆಹಲಿಯಲ್ಲಿ ಅದರ ಬೀಜದ ಎಣ್ಣೆ ಸಾಸಿವೆ ಎಣ್ಣೆಗೆ ಬೆರೆತು ಹಲವರು ಪ್ರಾಣ ಕಳೆದುಕೊಂಡರು. ಹಾಗೆಂದು ಬಿಳಿ ಹಾಲನ್ನೊಂದೇ ನಂಬುವಂತೆಯೂ ಇಲ್ಲ. ಎಕ್ಕದ ಹಾಲೂ ಬಿಳಿಯೇ, ಅದೂ ವಿಷ. ಹಾಲು, ಕಿವಿ, ಪೊಳ್ಳು ಕಾಂಡ, ಹೂವು ಎಲ್ಲವೂ ತಾಳೆಯಾಗಬೇಕು. ಜೊತೆಗೆ ಬಲ್ಲ ಹಿರಿಯರೊಬ್ಬರು ಹೌದೆನ್ನಬೇಕು. ಔಷಧಿ ಹೊಡೆದ ಹೊಲದ ಸೊಪ್ಪಂತೂ ಬೇಡವೇ ಬೇಡ.

ಹುಡುಗ ಗಿಡವನ್ನು ಅಜ್ಜಿಗೆ ತೋರಿಸಲು ಒಯ್ದ. ಆಕೆ ಮೊದಲು ಕಾಂಡ ಮುರಿದು ನೋಡಿದರಂತೆ! ಪಾಲಕರೇ, ನಿಮ್ಮ ಮನೆಯ ಹಿರಿಯರು ಇದನ್ನು ಏನೆಂದು ಕರೆಯುತ್ತಾರೆ? ಮಕ್ಕಳಿಂದ ಕೇಳಿಸಿ, ಬರೆದಿಡಿಸಿ.