ವೇಗಕ್ಕೂ ಮೊದಲು ತಂಪು

‘ಓದೋದು ಬಿಟ್ಟು ಕಂಪ್ಯೂಟರ್ ಬಿಚ್ಕೊಂಡು ಕೂತಿದಾನೆ’– ಬಿಡಿಭಾಗ ತಂದು ಮನೆಯಲ್ಲೇ ಪಿಸಿ ಜೋಡಿಸುವ ನನ್ನಂಥವರು ದಿನವೂ ಕೇಳುವ ಮಾತಿದು. ಪ್ರೊಸೆಸರನ್ನು ಕಂಪನಿ ನಿಗದಿಪಡಿಸಿದ್ದಕ್ಕಿಂತ ವೇಗವಾಗಿ ಓಡಿಸುವ ಓವರ್‌ಕ್ಲಾಕಿಂಗ್‌ನಿಂದ ಕಲಿಯುವುದು ಬಹಳಷ್ಟಿದೆ ಎಂಬುದು ನನ್ನ ಅನಿಸಿಕೆ.

ಲೆಕ್ಕ ನೋಡಿ. ಚಿಪ್ ಬಳಸುವ ವಿದ್ಯುತ್ ಅದರ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ತಕ್ಕಂತೆ ಏರುತ್ತದೆ. ಎರಡನ್ನೂ ಶೇ 10ರಷ್ಟು ಹೆಚ್ಚಿಸಿದರೆ ಶಾಖ ಸುಮಾರು ಶೇ 33ರಷ್ಟು ಹೆಚ್ಚುತ್ತದೆ. ಫ್ಯಾನಾಗಲಿ, ನೀರಿನ ಕೂಲರಾಗಲಿ ಚಿಪ್ಪನ್ನು ಕೋಣೆಯ ಗಾಳಿಗಿಂತ ತಣ್ಣಗಾಗಿಸಲಾರವು. ಏಪ್ರಿಲ್ ಮಧ್ಯಾಹ್ನ ದುರ್ಗಿಗುಡಿಯ ನಮ್ಮ ಕೋಣೆಯಲ್ಲಿ 35 ಡಿಗ್ರಿ ಇದ್ದರೆ ಲೆಕ್ಕ ಅಲ್ಲಿಂದಲೇ ಶುರು. ಮಿತಿಮೀರಿ ಕಾದರೆ ಚಿಪ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಹಾಗಾಗಿ ದುಬಾರಿ ಕೂಲರ್‌ಗಾಗಿ ಅಪ್ಪನನ್ನು ಕಾಡುವ ಮೊದಲು ದೂಳು ತೆಗೆಯಿರಿ, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿ, ವೋಲ್ಟೇಜ್ ತುಸು ಇಳಿಸಿ ನೋಡಿ.

ಪಕ್ಕದ ಭದ್ರಾವತಿಯಲ್ಲಿ 1923ರಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆಯಲ್ಲಿ ಶಾಖವನ್ನು ಹತೋಟಿಯಲ್ಲಿಡುವ ಕೆಲಸವೇ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿತು. ಇಂದಿನ ಡೇಟಾ ಸೆಂಟರ್‌ಗಳಿಗೂ ಆ ಕೌಶಲ ಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಉಷ್ಣಾಂಶ ಬರೆದಿಡಿ. ಸಂದರ್ಶನದಲ್ಲಿ ಹವ್ಯಾಸದ ಬಗ್ಗೆ ಕೇಳಿದರೆ ಧೈರ್ಯವಾಗಿ ಆ ನೋಟ್‌ಬುಕ್ ತೋರಿಸಿ.