ಕೋವಿಗೆ ಟ್ರೈಪಾಡ್ ಕೊಳ್ಳುವ ಮುಂಚೆ ಒಂದು ಮಾತು

ಹೋದ ಭಾನುವಾರ ಬೆಳಿಗ್ಗೆ ಆರೂವರೆಗೆ ನಾವು ಬೆಂಗಳೂರಿನ ಯಡಿಯೂರು ಕೆರೆ ದಂಡೆಯಲ್ಲಿದ್ದೆವು. ರಾತ್ರಿ ಬಸ್ಸಿನಲ್ಲಿ ಬಂದಿಳಿದು, ಅಲ್ಲೇ ಹತ್ತಿರದ ಗೆಳೆಯನ ಬಾಡಿಗೆ ರೂಮಿನಲ್ಲಿ ಬ್ಯಾಗ್ ಇಟ್ಟು, ಅವನ ಹತ್ತಿರವಿದ್ದ ಎರಡು ಟ್ರೈಪಾಡ್ ಹೊತ್ತು ಬಂದಿದ್ದೆವು. ನಮಗೂ ಒಂದು ಕೊಳ್ಳಬೇಕಿತ್ತು. ಕೊಳ್ಳುವ ಮುಂಚೆ ಹಿಡಿದು ನೋಡೋಣ ಅಂತ.

ಊರಿನವರ ಲೆಕ್ಕದಲ್ಲಿ ಅದು ಸಣ್ಣ ಕೆರೆ. ಸುತ್ತ ಬೇಲಿ, ವಾಕಿಂಗ್ ಮಾಡುವವರು, ಗಣೇಶನನ್ನು ಬಿಡಲು ಕಲ್ಯಾಣಿ, ಆಚೆ ರಸ್ತೆಯಲ್ಲಿ ವಾಹನಗಳ ಗದ್ದಲ. ಅಷ್ಟರ ನಡುವೆಯೂ ಒಂದು ನೀರುಕಾಗೆ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತಿತ್ತು. ಅದಕ್ಕೆ ಕ್ಯಾಮೆರಾ ಗುರಿ ಇಡುವಾಗ ಫೋನಿಗೆ ಮೆಸೇಜ್ ಬಂತು. ನಮ್ಮ ತಾಲ್ಲೂಕಿನ ಒಬ್ಬ ಹುಡುಗ. ವಿದೇಶದ ವಿಡಿಯೊವೊಂದರ ಲಿಂಕ್ ಕಳಿಸಿದ್ದ. ಮೂರು ಕಾಲಿನ ಸ್ಟ್ಯಾಂಡ್, ಮೇಲೆ ಬಂದೂಕು ಕಚ್ಚಿ ಹಿಡಿಯುವ ಹಿಡಿಕೆ. "ಅಣ್ಣಾ, ನೀವು ಬೆಂಗಳೂರಲ್ಲಿದ್ದೀರಂತೆ. ಇಂಥದ್ದು ಸಿಗುತ್ತಾ ನೋಡಿ. ಹಂದಿಗೆ."

ಅವನ ಸಂಕಟ ನಮಗೆ ಗೊತ್ತು. ಎರಡು ಎಕರೆ ಮೆಕ್ಕೆಜೋಳದಲ್ಲಿ ಅರ್ಧವನ್ನು ಕಾಡುಹಂದಿಗಳು ಒಂದೇ ರಾತ್ರಿ ಮಲಗಿಸಿದ್ದವು. ಮನೆಯಲ್ಲಿ ಅಜ್ಜನ ಕಾಲದ ಲೈಸೆನ್ಸ್ ಕೋವಿ ಇದೆ. ಅಜ್ಜನ ಟ್ರೈಪಾಡ್ ಅಂದರೆ ಒಂದು ಕವೆಗೋಲು ಅಷ್ಟೆ. ಮೊಮ್ಮಗನ ಕಾಲಕ್ಕೆ ಅದು ಅಲ್ಯೂಮಿನಿಯಂ ಆಗಿ ಫೋನಿನ ಪರದೆ ಮೇಲೆ ಬರುತ್ತಿದೆ. ಇಂಥದೇ ಪ್ರಶ್ನೆ ಬೇರೆಯವರೂ ಕೇಳಿದ್ದಾರೆ. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಉತ್ತರ: ಬೇಟೆಗೆ ಅಂತ ಟ್ರೈಪಾಡ್ ಕೊಳ್ಳಬೇಡಿ. ಅದೇ ದುಡ್ಡಿಗೆ ಕ್ಯಾಮೆರಾ ಟ್ರೈಪಾಡ್ ಕೊಳ್ಳಿ. ಉಪದೇಶಕ್ಕೆ ಹೇಳುತ್ತಿಲ್ಲ, ಕಾರಣ ಇದೆ.

ಕಾನೂನು ಏನು ಹೇಳುತ್ತದೆ

ಆ ವಿಡಿಯೊ ಮಾಡಿದವರ ದೇಶದಲ್ಲಿ ಬೇಟೆಗೆ ಸೀಸನ್ ಇದೆ, ಪರವಾನಗಿ ಇದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಅದರ 9ನೇ ಸೆಕ್ಷನ್ ಬೇಟೆಯನ್ನು ನಿಷೇಧಿಸಿದೆ. ಕೊಂದರೆ ಮಾತ್ರ ಬೇಟೆ ಅಂತ ತಿಳಿಯಬೇಡಿ. ಓಡಿಸಿಕೊಂಡು ಹೋಗುವುದು, ಉರುಳು ಹಾಕುವುದು, ಹೊಡೆಯಲು ಪ್ರಯತ್ನಿಸುವುದು ಎಲ್ಲವೂ ಕಾನೂನಿನ ಕಣ್ಣಿಗೆ ಬೇಟೆಯೇ. 2022ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಸಾಮಾನ್ಯ ಅಪರಾಧಕ್ಕೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ನವಿಲಿನಂಥ ಒಂದನೇ ಪಟ್ಟಿಯ ಜೀವಿಯಾದರೆ ಮೂರರಿಂದ ಏಳು ವರ್ಷ. ಅಪರಾಧಕ್ಕೆ ಬಳಸಿ ಜಪ್ತಿಯಾದ ಆಯುಧ, ವಾಹನ, ಸಾಧನ ಸರ್ಕಾರದ ಸ್ವತ್ತು ಅನ್ನುತ್ತದೆ 39ನೇ ಸೆಕ್ಷನ್. ಅಂದರೆ ಅಜ್ಜನ ಕೋವಿಯೂ ಹೋಗುತ್ತದೆ, ಹೊಸ ಟ್ರೈಪಾಡೂ ಹೋಗುತ್ತದೆ.

"ನಮ್ಮದು ಬೆಳೆ ರಕ್ಷಣೆಗೆ ಕೊಟ್ಟ ಲೈಸೆನ್ಸು" ಅನ್ನುವವರಿದ್ದಾರೆ. ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಬೇರೆ, ಪ್ರಾಣಿ ಕೊಲ್ಲುವ ಅನುಮತಿ ಬೇರೆ. ಬೆಳೆಗೆ ಅಪಾಯ ತರುವ ಪ್ರಾಣಿಯನ್ನು ಹೊಡೆಯಲು 11ನೇ ಸೆಕ್ಷನ್ನಿನಲ್ಲಿ ದಾರಿ ಇದೆ. ಆದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಲಿಖಿತ ಆದೇಶ ಕೊಡಬೇಕು. ಪಕ್ಕದ ಕೇರಳದಲ್ಲಿ 2022ರಲ್ಲಿ ಕಾಡುಹಂದಿ ವಿಚಾರದಲ್ಲಿ ಈ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರ ಮಟ್ಟಕ್ಕೇ ತಂದರು. ನಮ್ಮಲ್ಲಿ ರೈತ ಅರ್ಜಿ ಹಿಡಿದು ಯಾವ ಬಾಗಿಲಿಗೆ ಹೋಗಬೇಕು, ಎಷ್ಟು ದಿನದಲ್ಲಿ ಉತ್ತರ ಸಿಗುತ್ತದೆ ಅನ್ನುವುದನ್ನು ಪ್ರತಿ ಪಂಚಾಯಿತಿಯ ಗೋಡೆ ಮೇಲೆ ಬರೆಸಬೇಕು. ಅದು ನಮ್ಮ ಒತ್ತಾಯ. ಹಂದಿಯಿಂದ ಬೆಳೆ ಕಳೆದುಕೊಂಡವನಿಗೆ ಬರೀ ಕಾನೂನು ಓದಿ ಹೇಳಿದರೆ ಹೊಟ್ಟೆ ತುಂಬುವುದಿಲ್ಲ.

ಇನ್ನೊಂದು ಮಾತು, ಇದು ವರದಿಗಾರರಾಗಿ ಹೇಳುವುದು. ಹಂದಿ ಅಂತ ತಿಳಿದು ಜೊತೆಗಾರನಿಗೇ ಈಡು ಹೊಡೆದ ಸುದ್ದಿಯನ್ನು ನಾವು ಒಂದಕ್ಕಿಂತ ಹೆಚ್ಚು ಸಲ ಬರೆದಿದ್ದೇವೆ. ಶವಾಗಾರದ ಹೊರಗೆ ನಿಂತು ಹೆಸರು, ವಯಸ್ಸು ಕೇಳಿದ್ದೇವೆ. ಟ್ರೈಪಾಡ್ ಕೈನಡುಕ ನಿಲ್ಲಿಸುತ್ತದೆ. ಕತ್ತಲಲ್ಲಿ ಎದುರಿಗಿರುವುದು ಹಂದಿಯೋ ಪಕ್ಕದ ಹೊಲದವನೋ ಅನ್ನುವುದನ್ನು ಅದು ಹೇಳುವುದಿಲ್ಲ.

ಗುರಿ ಹೊಡೆಯುವ ಆಸೆ ಇದ್ದರೆ

ಬೇಟೆ ಬೇಡ, ಗುರಿ ಹೊಡೆಯುವ ಆಟ ಕಲಿಯುತ್ತೇವೆ ಅಂದರೆ ಸಂತೋಷ. ಅದಕ್ಕೂ ಟ್ರೈಪಾಡ್ ಬೇಡ.

ಕೊಡಗಿನಲ್ಲಿ ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ. ಹೆಂಗಸರೂ ಹೊಡೆಯುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದರು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಬೇಟೆಗಲ್ಲ. ತೆಂಗಿನಕಾಯಿ ಸ್ಪರ್ಧೆಯ ಸೊಗಸು ಇರುವುದೇ ನಿಂತು, ಉಸಿರು ಬಿಗಿಹಿಡಿದು, ಕೈಯ ಬಲದ ಮೇಲೆ ಹೊಡೆಯುವುದರಲ್ಲಿ.

ಒಲಿಂಪಿಕ್ಸ್‌ನಲ್ಲೂ ಹಾಗೆಯೇ. ಹತ್ತು ಮೀಟರ್ ಏರ್ ರೈಫಲ್‌ನಲ್ಲಿ ಹತ್ತು ಅಂಕದ ಚುಕ್ಕಿ ಬರೀ ಅರ್ಧ ಮಿಲಿಮೀಟರ್. ಅದನ್ನು ನಿಂತುಕೊಂಡೇ ಹೊಡೆಯಬೇಕು, ಆನಿಸಿಕೊಳ್ಳುವಂತಿಲ್ಲ. ಪಿಸ್ತೂಲಾದರೆ ಒಂದೇ ಕೈ. 2016ರ ರಿಯೊ ಒಲಿಂಪಿಕ್ಸ್‌ಗೆ ಹೋದ ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಹೊಡೆದದ್ದು ಹಾಗೆ. ಬಂದೂಕಿಗೆ ಸ್ಟ್ಯಾಂಡ್ ಕೊಡುವುದು ಪ್ಯಾರಾ ಶೂಟಿಂಗ್‌ನ ಎಸ್‌ಎಚ್2 ವಿಭಾಗದಲ್ಲಿ. ತೋಳಿನಲ್ಲಿ ರೈಫಲ್ ಭಾರ ಹೊರಲಾಗದವರಿಗೆ ಅಲ್ಲಿ ಸ್ಪ್ರಿಂಗ್ ಇರುವ ಸ್ಟ್ಯಾಂಡ್ ಇರುತ್ತದೆ. ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ ಈ ವಿಭಾಗದಲ್ಲೇ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗೆ ಹೋಗಿ ಬಂದರು. ಸ್ಟ್ಯಾಂಡ್ ಭಾರ ಹೊರುತ್ತದೆ ಅಷ್ಟೆ, ಗುರಿ ಅವರದೇ.

ಹಾಗಾಗಿ ಆಟದ ಆಸೆ ಇರುವವರು ಮೊದಲು ಮಾನ್ಯತೆ ಇರುವ ರೈಫಲ್ ಕ್ಲಬ್ಬಿನ ಬಾಗಿಲು ತಟ್ಟಿ. ದುಡ್ಡು ತರಬೇತಿಗೆ ಹಾಕಿ. ಏರ್‌ಗನ್ ತಂದು ಮನೆ ಹಿತ್ತಲಲ್ಲಿ ಪಾರಿವಾಳ, ಗಿಳಿಗೆ ಗುರಿ ಇಟ್ಟರೆ ಅದು ಆಟವಲ್ಲ, ಮೇಲೆ ಹೇಳಿದ ಕಾಯ್ದೆಯ ಅಪರಾಧ. ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಸರ್ಕಾರ ಕರೆ ಕೊಟ್ಟಾಗ ಹಳ್ಳಿ ಜನರೇ ಏರ್‌ಗನ್ ತಂದು ಒಪ್ಪಿಸಿದರು. ಕಾಡಿನಲ್ಲಿ ಹಕ್ಕಿ ದನಿ ಉಳಿಯಲಿ ಅಂತ.

ಇನ್ನು ಕ್ಯಾಮೆರಾ ಟ್ರೈಪಾಡ್

ನಮ್ಮ ನಾಡಿನಲ್ಲಿ ಕೋವಿ ಬಿಟ್ಟು ಕ್ಯಾಮೆರಾ ಹಿಡಿದವರ ದೊಡ್ಡ ಸಾಲೇ ಇದೆ. ಮೂಡಿಗೆರೆಯ ತೇಜಸ್ವಿ ಶಿಕಾರಿಯನ್ನೂ ಬಲ್ಲವರು. ಆಮೇಲೆ ಗಂಟೆಗಟ್ಟಲೆ ಕಾದು ಹಕ್ಕಿಗಳ ಫೋಟೊ ತೆಗೆದರು. ಸಂಡೂರು ರಾಜಮನೆತನದ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಸಚಿವರಾಗಿದ್ದವರು, ವನ್ಯಜೀವಿ ಛಾಯಾಗ್ರಾಹಕರೆಂದೂ ಹೆಸರು ಮಾಡಿದರು. ಕಾಯುವುದು, ಗಾಳಿ ನೋಡುವುದು, ಸದ್ದಿಲ್ಲದೆ ಕೂರುವುದು ಎರಡಕ್ಕೂ ಒಂದೇ. ಕೊನೆಗೆ ಒಂದರಲ್ಲಿ ಪ್ರಾಣಿ ಉಳಿಯುತ್ತದೆ.

ಕೊಳ್ಳುವಾಗ ಏನು ನೋಡಬೇಕು? ನಾವು ಪೆಟ್ಟು ತಿಂದು ಕಲಿತದ್ದನ್ನು ಹೇಳುತ್ತೇವೆ. ಮೊದಲ ಟ್ರೈಪಾಡನ್ನು ಆರುನೂರು ರೂಪಾಯಿಗೆ ತಂದಿದ್ದೆವು. ಒಂದು ಜಾತ್ರೆಯಲ್ಲಿ ಗಾಳಿ ಬೀಸಿ ಕ್ಯಾಮೆರಾ ಸಮೇತ ಬಿತ್ತು. ಲೆನ್ಸ್ ರಿಪೇರಿಗೆ ಮೂರು ತಿಂಗಳ ಸಂಭಾವನೆ ಹೋಯಿತು.

ಮೊದಲು ತೂಕ. ನಿಮ್ಮ ಕ್ಯಾಮೆರಾ, ಲೆನ್ಸ್ ಸೇರಿ ಎರಡು ಕೆ.ಜಿ. ಇದ್ದರೆ, ಕನಿಷ್ಠ ನಾಲ್ಕೈದು ಕೆ.ಜಿ. ಹೊರುವ ಟ್ರೈಪಾಡ್ ಬೇಕು. ಆಮೇಲೆ ಎತ್ತರ. ನಡುವಿನ ಕಂಬ ಎತ್ತದೆಯೇ ನಿಮ್ಮ ಎದೆಮಟ್ಟಕ್ಕಾದರೂ ಬರಬೇಕು. ಕಂಬ ಎತ್ತಿದಷ್ಟೂ ಅಲುಗಾಟ ಜಾಸ್ತಿ. ಕಾಲುಗಳು ಅಗಲವಾಗಿ ಬಿಚ್ಚಿಕೊಂಡು ನೆಲಕ್ಕೆ ಹತ್ತಿರ ಕೂರಬೇಕು. ಗದ್ದೆಯ ಬದುವಿನಲ್ಲಿ ಅದು ಬೇಕೇ ಬೇಕು. ಕಾಲಿನ ಲಾಕ್ ಒದ್ದೆ ಕೈಯಲ್ಲೂ ತೆಗೆದು ಹಾಕಲು ಬರಬೇಕು. ಕೆಸರಿಗೆ ಇಳಿಸಿದ ಮೇಲೆ ತೊಳೆದು ಒಣಗಿಸಿ. ಕೆಳಗೆ ಕೊಕ್ಕೆ ಇದ್ದರೆ ಕಲ್ಲು ತುಂಬಿದ ಚೀಲ ನೇತುಹಾಕಿ, ಗಾಳಿಗೆ ಬೀಳುವುದಿಲ್ಲ. ಕಾರ್ಬನ್ ಹಗುರ, ಆದರೆ ದುಬಾರಿ. ಬೈಕಿನಲ್ಲಿ ಓಡಾಡುವವರಿಗೆ ಅಲ್ಯೂಮಿನಿಯಂ ಸಾಕು. ಫೋನಿಗಾದರೆ ಗಟ್ಟಿ ಹಿಡಿಕೆ ಮುಖ್ಯ. ಬಟನ್ ಒತ್ತಿದರೂ ಅಲುಗುತ್ತದೆ, ಎರಡು ಸೆಕೆಂಡಿನ ಟೈಮರ್ ಇಟ್ಟುಕೊಳ್ಳಿ.

ಅಂಗಡಿಯಲ್ಲಿ ಕಾಲು ಪೂರ್ತಿ ಬಿಚ್ಚಿ, ಮೇಲೆ ಅಂಗೈ ಇಟ್ಟು ಒತ್ತಿ ನೋಡಿ. ಜಾರಿದರೆ, ತಿರುಚಿದರೆ ಅಲ್ಲೇ ಬಿಟ್ಟು ಬನ್ನಿ.

ಆ ಹುಡುಗನಿಗೆ ಯಡಿಯೂರಿನಿಂದಲೇ ಫೋನ್ ಮಾಡಿ ಹೇಳಿದೆವು: ಬೆಳಕು ಹರಿದ ಕೂಡಲೇ ಹೊಲಕ್ಕೆ ಹೋಗು. ಮಲಗಿದ ಜೋಳ, ಹಂದಿ ಹೆಜ್ಜೆ, ಬೇಲಿ ಮುರಿದ ಜಾಗ ಎಲ್ಲದರ ಫೋಟೊ ಅಲುಗದಂತೆ ತೆಗೆ, ತಾರೀಕು ಇರಲಿ. ಪಹಣಿ ಜೊತೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕು. ಹಂದಿ ಹೊಡೆಯಲು ಅನುಮತಿ ಬೇಕಿದ್ದರೆ ಅದನ್ನೂ ಬರೆದು ಕೇಳು, ಸ್ವೀಕೃತಿ ತಗೋ. ಉತ್ತರ ಬರದಿದ್ದರೆ ಆ ಸುದ್ದಿ ನಾವು ಬರೆಯುತ್ತೇವೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಫೋಟೊ ತೆಗೆದರೆ ಹಂದಿ ಬರೋದು ನಿಲ್ಲುತ್ತಾ ಅಣ್ಣಾ?" ಅಂದ.

ನಿಲ್ಲುವುದಿಲ್ಲ. ಅದು ನಿಜ. ಆದರೆ ನೀನು ಜೈಲಿಗೆ ಹೋದರೂ ಹಂದಿ ನಿಲ್ಲುವುದಿಲ್ಲ, ಆಗ ಹೊಲ ಕಾಯುವವರೂ ಇರುವುದಿಲ್ಲ ಅಂದೆವು. ಬುಧವಾರ ಅವನಿಂದ ಹದಿನಾಲ್ಕು ಫೋಟೊ ಬಂದವು. ಎರಡು ಮಸುಕಾಗಿದ್ದವು. ಊರಿಗೆ ಹೋಗುವಾಗ ಅವನಿಗೆ ಕೊಡಲು ಗೆಳೆಯನ ಹಳೇ ಟ್ರೈಪಾಡ್ ಕೇಳಿ ಇಸಿದುಕೊಂಡಿದ್ದೇವೆ.