ಷಿಕಾರಿಯ ಕತೆ, ಕಾಡುಹಂದಿಯ ಕಾಟ: ಪುತ್ತೂರು, ಸುಳ್ಯ, ಕಡಬದ ಶ್ರಾವಕರ ಮುಂದಿರುವ ಪ್ರಶ್ನೆ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಸುದ್ದಿಗಳಲ್ಲಿ ಮೂರು ಬಗೆಯವು ಮತ್ತೆ ಮತ್ತೆ ಬರುತ್ತವೆ. ತೋಟಕ್ಕೆ ಕಾಡುಹಂದಿ ನುಗ್ಗಿ ಬಾಳೆ, ಅಡಿಕೆ ಸಸಿ ಹಾಳಾಯಿತು ಎಂಬುದು ಒಂದು. ಹಂದಿಗೆ ಇಟ್ಟ ಉರುಲಿಗೆ ಚಿರತೆ ಸಿಕ್ಕಿತು ಎಂಬುದು ಎರಡನೆಯದು. ಷಿಕಾರಿಗೆ ಹೋದವರ ಮೇಲೆ ಅರಣ್ಯ ಇಲಾಖೆ ಮೊಕದ್ದಮೆ ಹೂಡಿತು ಎಂಬುದು ಮೂರನೆಯದು. ಓದುವವರು ಇವನ್ನು ಬೇರೆ ಬೇರೆ ಸುದ್ದಿ ಎಂದುಕೊಂಡು ಓದಿ ಬಿಡುತ್ತಾರೆ. ನೋಡಿದರೆ ಮೂರೂ ಒಂದೇ ಹಗ್ಗದ ಎಳೆಗಳು. ಈ ಹಗ್ಗದ ಒಂದು ತುದಿ ತೋಟ ಇರುವ ಜೈನ ಮನೆಗಳ ಅಂಗಳದಲ್ಲೂ ಇದೆ. ಆದ್ದರಿಂದ ಸಮಾಜದವರು ಇದನ್ನು ಸಾವಧಾನವಾಗಿ ಯೋಚಿಸಬೇಕಾಗಿದೆ.

ರೈತರ ಕಷ್ಟ ಸುಳ್ಳಲ್ಲ

ಮೊದಲು ಹೇಳಬೇಕಾದದ್ದು ಕೃಷಿಕರ ಸಂಕಟ. ಹಂದಿಗಳು ಹಿಂಡಾಗಿ ರಾತ್ರಿ ಬರುತ್ತವೆ. ಬಾಳೆ, ಮರಗೆಣಸು, ಕೆಸು, ಭತ್ತದ ಗದ್ದೆ ಯಾವುದನ್ನೂ ಬಿಡುವುದಿಲ್ಲ. ಎರೆಹುಳ ಹುಡುಕುತ್ತ ಅಡಿಕೆ ಬುಡವನ್ನೂ ಅಗೆದು ಹಾಕುತ್ತವೆ. ಸುಳ್ಯದ ಕಡೆ ಹಳದಿ ರೋಗ, ಎಲ್ಲೆಡೆ ಎಲೆಚುಕ್ಕಿ ರೋಗ. ಇವುಗಳ ನಡುವೆ ಹೊಸದಾಗಿ ನೆಟ್ಟ ಸಸಿಯೂ ಹೋದರೆ ಬೆಳೆಗಾರನ ಹೊಟ್ಟೆ ಉರಿಯದೆ ಇರುತ್ತದೆಯೇ? ಆನೆಯ ಕಾಟ ಇನ್ನೂ ಘೋರ. 2023ರ ಫೆಬ್ರವರಿಯಲ್ಲಿ ಕಡಬ ತಾಲೂಕಿನ ರೆಂಜಿಲಾಡಿ ಬಳಿ ಬೆಳಗಿನ ಹೊತ್ತು ಕಾಡಾನೆ ದಾಳಿಗೆ ಇಬ್ಬರು ಪ್ರಾಣ ಕಳೆದುಕೊಂಡರು. ಸಾಕಾನೆಗಳನ್ನು ತರಿಸಿ ಕಾರ್ಯಾಚರಣೆ ನಡೆಸಿ ಕಾಡಾನೆಯನ್ನು ಹಿಡಿಯಬೇಕಾಯಿತು. ಊರಿನವರ ಸಿಟ್ಟು ಎಷ್ಟಿತ್ತೆಂದು ಎಲ್ಲರೂ ಆಗ ನೋಡಿದ್ದಾರೆ. ಇಂಥ ಊರಿನಲ್ಲಿ ಕುಳಿತು ಕೃಷಿಕನಿಗೆ ಬರೇ ದಯೆಯ ಉಪದೇಶ ಮಾಡಿದರೆ ಅದು ಕಿವಿಗೆ ಇಳಿಯುವುದಿಲ್ಲ.

ಬೇಟೆಯ ಕತೆಗಳ ಮಣ್ಣು

ಎರಡನೆಯ ಮಾತು, ಇದು ಬೇಟೆಯ ಕತೆಗಳ ಮಣ್ಣು. ಕೋಟಿ ಚೆನ್ನಯರ ಪಾಡ್ದನವೇ ಬೇಟೆಯಿಂದ ಆರಂಭವಾಗುತ್ತದೆ ಎನ್ನಬಹುದು. ಬೇಟೆಗೆ ಹೋದ ಪಡುಮಲೆಯ ಪೆರುಮಳ ಬಲ್ಲಾಳರ ಕಾಲಿಗೆ ಕಾಸರಕನ ಮುಳ್ಳು ಚುಚ್ಚಿತು, ದೇಯಿ ಬೈದೆತಿ ಮದ್ದು ಮಾಡಿ ಉಳಿಸಿದಳು. ಮುಂದೆ ಪಂಜ ಮತ್ತು ಎಣ್ಮೂರಿನ ನಡುವೆ ಒಂದು ಹಂದಿಯ ವಿಷಯದಲ್ಲಿ ಎದ್ದ ಜಗಳ ಯುದ್ಧದವರೆಗೆ ಹೋಯಿತು, ಅವಳಿ ವೀರರು ಎಣ್ಮೂರಿನಲ್ಲಿ ಮಡಿದರು. ಪಡುಮಲೆ, ಪಂಜ, ಎಣ್ಮೂರು ಎಲ್ಲವೂ ಇದೇ ತಾಲೂಕುಗಳ ಊರುಗಳು. ಕೆಡ್ಡಸದ ದಿನ ಬೋಂಟೆಗೆ ಹೋಗುವುದು ತುಳುನಾಡಿನ ಹಳೆಯ ರೂಢಿ. ಕಾಸರಗೋಡು ಕಡೆಯ ವಯನಾಟ್ ಕುಲವನ್ ದೈವಂಕಟ್ಟಿನಲ್ಲಿ ಬೇಟೆಯೂ ಆಚರಣೆಯ ಅಂಗವಾಗಿತ್ತು.

ಕರ್ನಾಟಕದಲ್ಲಿ ಬೇಟೆಯ ಕತೆ ಕಲ್ಲಿನ ಮೇಲೂ ಉಳಿದಿದೆ. ಮಂಡ್ಯ ಜಿಲ್ಲೆಯ ಆತಕೂರಿನ ಕ್ರಿ.ಶ. 949-50ರ ಶಾಸನದಲ್ಲಿ ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಹೋರಾಡಿ ಎರಡೂ ಸತ್ತ ಸಂಗತಿ ಇದೆ. ಆ ನಾಯಿಯನ್ನು ಮಣಲೆರನಿಗೆ ಕೊಟ್ಟವನು ಗಂಗರ ಬೂತುಗ. ಗಂಗರು ಜೈನ ಧರ್ಮಕ್ಕೆ ಆಶ್ರಯ ಕೊಟ್ಟ ಅರಸರು. ಅಂದರೆ ಬಸದಿಗೆ ದಾನ ಕೊಟ್ಟ ವಂಶದ ಆಳ್ವಿಕೆಯಲ್ಲೂ ಬೇಟೆಯ ಪ್ರತಾಪ ಕಲ್ಲಿನಲ್ಲಿ ಬರೆಸಲ್ಪಟ್ಟಿತು. ಇತಿಹಾಸವನ್ನು ಮುಚ್ಚಿಡುವುದರಿಂದ ಲಾಭವಿಲ್ಲ. ಪಕ್ಕದ ಮನೆಯವರ ಪಾಡ್ದನ, ದೈವದ ನಂಬಿಕೆಯನ್ನು ಹಗುರವಾಗಿ ಮಾತಾಡುವುದೂ ಸಲ್ಲದು. ಅನೇಕಾಂತ ಕಲಿತವರು ಅದನ್ನು ಮಾಡಬಾರದು.

ಆದರೆ ಆ ಕಾಲಕ್ಕೂ ಈ ಕಾಲಕ್ಕೂ ವ್ಯತ್ಯಾಸವಿದೆ. ಆಗ ಬೇಟೆಯ ಕತೆ ವರ್ಷಕ್ಕೊಮ್ಮೆ ಚಾವಡಿಯಲ್ಲಿ ಹೇಳುವಂಥದ್ದು. ಈಗ ಕಿಸೆಯೊಳಗಿನ ಮೊಬೈಲಿನಲ್ಲಿ ದಿನವೂ ಬರುತ್ತದೆ. ಅಮೆರಿಕದಲ್ಲಿ ಬಿಲ್ಲುಬಾಣದಿಂದ ದೊಡ್ಡ ಮೃಗಗಳನ್ನು ಹೊಡೆಯುವುದು ಪರವಾನಗಿ ಇರುವ ಹವ್ಯಾಸ. ಹೊಡೆದ ಮೃಗದ ಕೊಂಬಿನ ಅಳತೆ ದಾಖಲಿಸಿಡಲು 1961ರಲ್ಲಿ ಪೋಪ್ ಅಂಡ್ ಯಂಗ್ ಕ್ಲಬ್ ಎಂಬ ಸಂಘವೇ ಹುಟ್ಟಿದೆ. ಅಲ್ಲಿಯ ಕಾನೂನು ಬೇರೆ, ಕಾಡು ಬೇರೆ. ಅಂಥ ವಿಡಿಯೋ ನೋಡಿದ ಇಲ್ಲಿನ ಹುಡುಗನಿಗೆ ಅದು ಕ್ರಿಕೆಟಿನಂತೆ ಒಂದು ಆಟ ಎನಿಸಿದರೆ ಆಶ್ಚರ್ಯವಿಲ್ಲ.

ಕಾನೂನು ಏನು ಹೇಳುತ್ತದೆ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಬೇಟೆಯನ್ನು ನಿಷೇಧಿಸಿದೆ. ಕೊಲ್ಲುವುದು ಮಾತ್ರ ಬೇಟೆಯಲ್ಲ. ಹಿಡಿಯುವುದು, ಉರುಲು ಹಾಕುವುದು, ಅಟ್ಟುವುದು, ಅದಕ್ಕೆ ಪ್ರಯತ್ನಿಸುವುದೂ ಬೇಟೆಯೇ. ಕೋವಿಯಾಗಲಿ, ಬಿಲ್ಲಾಗಲಿ, ವಿದ್ಯುತ್ ತಂತಿಯಾಗಲಿ, ಸಿಡಿಮದ್ದಿನ ಉಂಡೆಯಾಗಲಿ, ಆಯುಧ ಯಾವುದೆಂದು ಕಾನೂನು ರಿಯಾಯಿತಿ ಕೊಡುವುದಿಲ್ಲ. 'ನಮ್ಮದು ಸಾಂಪ್ರದಾಯಿಕ ಬೇಟೆ' ಎಂಬ ಮಾತು ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಸಾಮಾನ್ಯ ಉಲ್ಲಂಘನೆಗೆ 3 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ. ಮೊದಲನೇ ಅನುಸೂಚಿಯ ಪ್ರಾಣಿಯಾದರೆ 3ರಿಂದ 7 ವರ್ಷ ಸೆರೆ, 25 ಸಾವಿರಕ್ಕೆ ಕಡಿಮೆಯಿಲ್ಲದ ದಂಡ. ಹಂದಿಗೆಂದು ಇಟ್ಟ ಉರುಲಿಗೆ ಚಿರತೆ ಬಿದ್ದರೆ ಲೆಕ್ಕ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಇದರಿಂದ ತಿಳಿಯಬಹುದು.

ಹಾಗೆಂದು ಕಾನೂನು ರೈತನನ್ನು ಕೈಬಿಟ್ಟಿಲ್ಲ. 11ನೇ ಸೆಕ್ಷನ್ ಪ್ರಕಾರ ಎರಡನೇ ಅನುಸೂಚಿಯ ಪ್ರಾಣಿ ಜೀವಕ್ಕಾಗಲಿ ಬೆಳೆಗಾಗಲಿ ಅಪಾಯಕಾರಿ ಎಂದು ಕಂಡುಬಂದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅಧಿಕೃತ ಅಧಿಕಾರಿ ಕಾರಣ ಬರೆದು ಅನುಮತಿ ಕೊಡಬಹುದು. ಪ್ರಾಣ ಉಳಿಸಿಕೊಳ್ಳಲು ಸದ್ಭಾವನೆಯಿಂದ ಮಾಡಿದ ಕೃತ್ಯ ಅಪರಾಧವಲ್ಲ. ನೆರೆಯ ಕೇರಳ 2022ರಲ್ಲಿ ಪಂಚಾಯತ್ ಅಧ್ಯಕ್ಷರಿಗೇ ಹಂದಿಯ ವಿಷಯದಲ್ಲಿ ಆದೇಶ ಕೊಡುವ ಅಧಿಕಾರ ನೀಡಿತು. ಗಡಿಯಾಚೆಯ ಈ ಉದಾಹರಣೆ ತೋರಿಸಿ ಇಲ್ಲಿಯೂ ಹಾಗೆ ಮಾಡಿ ಎಂಬ ಬೇಡಿಕೆ ಏಳುವುದು ಸಹಜ. ಆ ದಿನ ಬಂದರೆ ಜೈನ ತೋಟದ ಯಜಮಾನರೂ ಒಂದು ಅರ್ಜಿಗೆ ಸಹಿ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾಗುತ್ತದೆ. ಅದಕ್ಕೆ ಈಗಲೇ ಮನಸ್ಸು ಸಿದ್ಧವಾಗಿರಬೇಕು.

ಶಾಸ್ತ್ರದ ಅಳತೆಗೋಲು

ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ಹೇಳುವುದನ್ನು ಬಸದಿಯ ಪ್ರವಚನಗಳಲ್ಲಿ ಎಲ್ಲರೂ ಕೇಳಿದ್ದಾರೆ. ಗೃಹಸ್ಥನು ಪೂರ್ತಿ ಬಿಡಬೇಕಾದದ್ದು ಸಂಕಲ್ಪೀ ಹಿಂಸೆ. ಉಳಿದ ಮೂರನ್ನು ಆದಷ್ಟು ಕಡಿಮೆ ಮಾಡಬೇಕು. ಹಾಗಾದರೆ ಹಂದಿಯ ವಿಷಯ ಯಾವ ಖಾತೆಗೆ ಸೇರುತ್ತದೆ?

ರಾತ್ರಿ ತೋಟಕ್ಕೆ ನುಗ್ಗಿದ ಹಿಂಡನ್ನು ಗದ್ದಲ ಮಾಡಿ, ಬೆಳಕು ತೋರಿಸಿ, ನಾಯಿ ಬಿಟ್ಟು ಓಡಿಸುವುದು ವಿರೋಧೀ ಹಿಂಸೆಯ ಮಿತಿಯೊಳಗೆ ಬರುತ್ತದೆ ಎನ್ನಬಹುದು. ಆದರೆ ರಜೆಯ ದಿನ ಹತ್ತು ಮಂದಿ ಸೇರಿ ಕಾಡಿಗೆ ಹೋಗಿ ಹಂದಿಯನ್ನು ಅಟ್ಟಿ ಕೊಂದು, ಪಾಲು ಹಂಚಿ, ಚಿತ್ರ ತೆಗೆದು ಹಂಚುವುದು ಬೆಳೆ ರಕ್ಷಣೆ ಅಲ್ಲ. ಅದು ಮೊದಲೇ ಮನಸ್ಸಿನಲ್ಲಿ ನಿಶ್ಚಯಿಸಿದ ಕೊಲೆ. ಸಪ್ತ ವ್ಯಸನಗಳಲ್ಲಿ ಬೇಟೆಯನ್ನು ಜೂಜು, ಕಳ್ಳತನಗಳ ಜೊತೆಗೇ ಇಟ್ಟಿರುವುದು ಇದಕ್ಕಾಗಿಯೇ. ಜೂಜಿನಂತೆ ಇದೂ ಒಮ್ಮೆ ರುಚಿ ಹತ್ತಿದರೆ ಬಿಡುವುದಿಲ್ಲ. ಸಂಕಲ್ಪ ಎಷ್ಟು ಭಾರ ಎಂಬುದನ್ನು ಜನ್ನ ಕವಿಯ ಯಶೋಧರ ಚರಿತೆ ಕನ್ನಡಿಗರಿಗೆಲ್ಲ ಹೇಳಿದೆ. ಅಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಆದರೂ ಕೊಲ್ಲುವ ಭಾವನೆಯ ಫಲ ಜನ್ಮ ಜನ್ಮಕ್ಕೂ ಬೆನ್ನು ಹತ್ತಿತು.

ಸ್ವತಃ ಕೋವಿ ಹಿಡಿಯದವರು ತಾವು ಶುದ್ಧ ಎಂದುಕೊಳ್ಳಬಹುದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಅಷ್ಟಕ್ಕೆ ಬಿಡುವುದಿಲ್ಲ. ಅದರಲ್ಲಿ ಅನರ್ಥದಂಡ ಐದು: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಹಿಂಸೆಗೆ ದಾರಿ ಮಾಡುವ ಕತೆ ಎತ್ತಿ ಹೇಳುವುದು ಪಾಪೋಪದೇಶ. ಮನಸ್ಸು ಕೆಡಿಸುವಂಥದ್ದನ್ನು ಕೇಳುತ್ತ ಕೂರುವುದು ದುಃಶ್ರುತಿ. ಕೊಲ್ಲುವ ಸಲಕರಣೆಯನ್ನು ಇನ್ನೊಬ್ಬರಿಗೆ ಕೊಡುವುದು ಹಿಂಸಾದಾನ. ಅಜ್ಜನ ಕಾಲದ ಬೆಳೆ ರಕ್ಷಣೆಯ ಕೋವಿಯನ್ನು 'ಒಂದು ರಾತ್ರಿಗೆ' ಎಂದು ಕೇಳಿದವರಿಗೆ ಕೊಡುವುದು, 'ನೀವು ಏನು ಬೇಕಾದರೂ ಮಾಡಿಕೊಳ್ಳಿ, ನಮಗೆ ಗೊತ್ತಿಲ್ಲ' ಎಂದು ತೋಟದ ಗೇಟು ತೆರೆದಿಡುವುದು, ಉರುಲಿನ ತಂತಿಗೆ ಹಣ ಕೊಡುವುದು, ಮೊಬೈಲಿಗೆ ಬಂದ ಷಿಕಾರಿ ವಿಡಿಯೋವನ್ನು ಕುಟುಂಬದ ಗುಂಪಿಗೆ ಕಳಿಸುವುದು, ಇವೆಲ್ಲ ಯಾವ ಹೆಸರಿನ ಕೆಳಗೆ ಬರುತ್ತವೆ ಎಂದು ಪ್ರತಿ ಮನೆಯವರೂ ತಾವೇ ಲೆಕ್ಕ ಹಾಕಿಕೊಳ್ಳಬಹುದು. ಕೋವಿ ಕೊಟ್ಟದ್ದಕ್ಕೆ ಆಯುಧ ಕಾಯ್ದೆಯೂ ಬಿಡುವುದಿಲ್ಲ ಎಂಬುದು ಬೇರೆ ಮಾತು.

ಲೆಕ್ಕದಲ್ಲೂ ನಷ್ಟವೇ

ಧರ್ಮದ ಮಾತು ಬದಿಗಿಟ್ಟು ವ್ಯಾಪಾರದ ಲೆಕ್ಕ ನೋಡಿದರೂ ಷಿಕಾರಿಯಿಂದ ತೋಟ ಉಳಿಯುವುದಿಲ್ಲ. ಹಂದಿ ಒಂದೇ ಸೂಲಿನಲ್ಲಿ ಹಲವು ಮರಿ ಹಾಕುವ ಪ್ರಾಣಿ. ಒಂದನ್ನು ಹೊಡೆದರೆ ಹಿಂಡು ಚದರಿ ಪಕ್ಕದ ತೋಟಕ್ಕೆ ಹೋಗುತ್ತದೆ, ಸ್ವಲ್ಪ ದಿನಕ್ಕೆ ತಿರುಗಿ ಬರುತ್ತದೆ. ಹಂದಿಮರಿಗಳನ್ನು ಹಿಡಿದು ತಿನ್ನುವುದು ಚಿರತೆ. ಉರುಲಿಗೆ ಚಿರತೆ ಸತ್ತರೆ ಕಾಡಿನ ಕಾವಲುಗಾರನನ್ನೇ ಕೊಂದಂತೆ. ಗದ್ದೆಗಳು ಹಡಿಲು ಬಿದ್ದು ಪೊದೆ ಬೆಳೆದಲ್ಲೆಲ್ಲ ಹಂದಿಗೆ ಮನೆ ಸಿಕ್ಕಿದೆ. ಆ ಪೊದೆ ಸವರುವುದಕ್ಕೆ ಕೋವಿ ಬೇಕಿಲ್ಲ, ಕತ್ತಿ ಸಾಕು.

ಮಾಡಬಹುದಾದ ಕೆಲಸಗಳು ಬೇಕಾದಷ್ಟಿವೆ. ತೋಟದ ಸುತ್ತ ಅಗಳು ತೆಗೆಯುವುದು, ಕಲ್ಲಿನ ಕಟ್ಟೆ, ಸರಿಯಾಗಿ ಹಾಕಿದ ಸೋಲಾರ್ ಬೇಲಿ. ಸೋಲಾರ್ ಬೇಲಿ ಬಿಟ್ಟುಬಿಟ್ಟು ಕೊಡುವ ಹೊಡೆತ ಪ್ರಾಣಿಯನ್ನು ಹೆದರಿಸುತ್ತದೆ, ಕೊಲ್ಲುವುದಿಲ್ಲ. ಮನೆಯ ಕರೆಂಟನ್ನು ನೇರವಾಗಿ ಬೇಲಿಗೆ ಕೊಟ್ಟರೆ ಹಂದಿಯೂ ಸಾಯುತ್ತದೆ, ಬೆಳಿಗ್ಗೆ ಹಾಲು ಕೊಡಲು ಹೋಗುವ ಮನುಷ್ಯನೂ ಸಾಯುತ್ತಾನೆ. ಬೆಳೆ ನಾಶವಾದ ಕೂಡಲೇ ಫೋಟೋ ತೆಗೆದು, ಪಹಣಿ ಪ್ರತಿಯೊಡನೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಪರಿಹಾರದ ಅರ್ಜಿ ಕೊಡಬೇಕು. ಸಿಗುವುದು ಕಡಿಮೆ ಎಂದು ಅರ್ಜಿಯನ್ನೇ ಕೊಡದಿದ್ದರೆ ನಷ್ಟ ಸರಕಾರದ ದಾಖಲೆಗೆ ಬರುವುದೇ ಇಲ್ಲ. ಸಣ್ಣ ಹಿಡುವಳಿಯ ನೆರೆಯವರಿಗೆ ಬೇಲಿ ಹಾಕಲು ಜೀವದಯೆಯ ನಿಧಿಯಿಂದ ಕೈಜೋಡಿಸುವ ಬಗ್ಗೆ ಬಸದಿ ಸಮಿತಿಗಳು ಯೋಚಿಸಬಹುದು. ಗೋಶಾಲೆಗೆ ಕೊಟ್ಟಷ್ಟೇ ಪುಣ್ಯ ಇದರಲ್ಲೂ ಇದೆ. ಹಂದಿಯ ಜೀವವೂ ಉಳಿಯುತ್ತದೆ, ರೈತನ ಬೆಳೆಯೂ ಉಳಿಯುತ್ತದೆ.

ಮಕ್ಕಳಿಗೆ ಯಾವ ಕತೆ?

ಮಕ್ಕಳಿಂದ ಬೇಟೆಯ ಕತೆಯನ್ನು ಕಿತ್ತುಕೊಂಡರೆ ಸಾಲದು, ಅದರ ಜಾಗಕ್ಕೆ ಇನ್ನೊಂದನ್ನು ಕೊಡಬೇಕು. ಅದಕ್ಕೆ ದೂರ ಹೋಗಬೇಕಾಗಿಲ್ಲ. ಭಗವಾನ್ ಮಹಾವೀರರ ಭವಾವಳಿ ಶುರುವಾಗುವುದೇ ಪುರೂರವ ಎಂಬ ಬಿಲ್ಲುಗಾರ ಬೇಡನಿಂದ. ಕಾಡಿನಲ್ಲಿ ಸಾಗರಸೇನ ಮುನಿಗಳನ್ನು ಮೃಗವೆಂದು ತಿಳಿದು ಅವನು ಬಾಣ ಹೂಡಿದಾಗ ಹೆಂಡತಿ ತಡೆದಳು. ಬಾಣ ಬಿಡಲಿಲ್ಲ, ಮುನಿಗಳ ಮಾತು ಕೇಳಿ ವ್ರತ ಹಿಡಿದ. ತೀರ್ಥಂಕರರಾಗುವ ಜೀವದ ಮೊದಲ ಹೆಜ್ಜೆ, ಬಿಡದೆ ಉಳಿದ ಆ ಒಂದು ಬಾಣ. ಶ್ರೇಣಿಕ ಮಹಾರಾಜನ ಕತೆ ಇದಕ್ಕೆ ಎದುರು: ಬೇಟೆಯ ಮದದಲ್ಲಿ ಯಶೋಧರ ಮುನಿಗಳ ಮೇಲೆ ನಾಯಿಗಳನ್ನು ಬಿಟ್ಟವನಿಗೆ, ಮುಂದೆ ಎಷ್ಟು ಭಕ್ತನಾದರೂ, ಕಟ್ಟಿಕೊಂಡ ಕರ್ಮ ಪೂರ್ತಿ ತಪ್ಪಲಿಲ್ಲ. ಮದುವೆಯ ದಿಬ್ಬಣದಲ್ಲಿ ಕೂಡಿಹಾಕಿದ ಪ್ರಾಣಿಗಳ ಕೂಗು ಕೇಳಿ ರಥ ತಿರುಗಿಸಿದ ನೇಮಿನಾಥ ಸ್ವಾಮಿಯ ಕತೆಯೂ ಇದೆ. ಇವುಗಳಲ್ಲಿ ಕಾಡಿದೆ, ಬಿಲ್ಲಿದೆ, ನಾಯಿಗಳಿವೆ, ಎದೆ ಬಡಿತ ಇದೆ. ಮೊಬೈಲಿನ ಯಾವ ವಿಡಿಯೋಗೂ ಕಡಿಮೆಯಲ್ಲ. ಬೇಸಿಗೆ ರಜೆಯ ಧಾರ್ಮಿಕ ಶಿಬಿರಗಳಲ್ಲಿ ಇವನ್ನು ಚೆನ್ನಾಗಿ ಹೇಳಿಸಬೇಕು.

ಈ ಮೂರು ತಾಲೂಕುಗಳಲ್ಲಿ ಜೈನ ಮನೆಗಳು ಕಾರ್ಕಳ, ಮೂಡುಬಿದಿರೆ, ಬೆಳ್ತಂಗಡಿಯಷ್ಟಿಲ್ಲ. ಆದರೆ ಊರಿನವರು ಆ ಮನೆಗಳನ್ನು ಗಮನಿಸುತ್ತಾರೆ. 'ಅವರ ತೋಟದಲ್ಲಿ ಉರುಲು ಇಡುವುದಿಲ್ಲ, ಅವರ ಕೋವಿ ಯಾರಿಗೂ ಸಿಗುವುದಿಲ್ಲ, ಆದರೂ ಅವರ ಬೆಳೆ ಉಳಿದಿದೆ' ಎಂಬ ಮಾತು ಊರಲ್ಲಿ ಹಬ್ಬಿದರೆ ನೂರು ಭಾಷಣಕ್ಕಿಂತ ಮೇಲು.

ಜೈ ಜಿನೇಂದ್ರ.